ಹದಿನೇಳು ತುಂಡು

ಹಲ್ಲಿಲ್ಲದ ಗೇರು ಬೇಕು ಎಂದರು ಆಗಾಶೆ ಬಾಯಿ
ಭೋಸರಿಯ ನನ್ನ ಲೇತಿನ ಮುಂದೆ ನಿಂತು.
ಕೈಯಲ್ಲಿ ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೀಚಿದ ನಕ್ಷೆ.
ಮೂವತ್ತೊಂದು ವರ್ಷ ಹಲ್ಲು ಕೊರೆದವನು ನಾನು.
ನಕ್ಕೆ. ಹಲ್ಲೇ ಇಲ್ಲದ್ದು ಹೆಂಗ ಕಚ್ಚತೈತ್ರಿ?

ಅವರು ನಗಲಿಲ್ಲ. ನನ್ನ ಎಡಗೈ ನೋಡುತ್ತಿದ್ದರು,
ಉಂಗುರದ ಬೆರಳು ಅರ್ಧಕ್ಕೆ ನಿಂತ ಜಾಗ.
ತೊಂಬತ್ತಾರು, ಪಿಂಪ್ರಿ, ರಾತ್ರಿ ಪಾಳಿ,
ಮುಚ್ಚಳ ಯಾರೋ ಬಿಚ್ಚಿಟ್ಟಿದ್ದರು.
ಇಪ್ಪತ್ತನಾಲ್ಕು ಹಲ್ಲಿನದು, ನಲವತ್ತೆಂಟರದು.
ಲೆಕ್ಕ ಈಗಲೂ ಬಾಯಿಪಾಠ.

ಶೆಡ್ಡು ಮೋಶಿಯಲ್ಲಿ, ಕೋಳಿ ಫಾರ್ಮಿನ ಹಿಂದೆ.
ವಿಮಾನಕ್ಕೆ ಒಂದು ರೆಕ್ಕೆಗಷ್ಟೇ ಬಟ್ಟೆ ಹೊದಿಸಿದೆ,
ಇನ್ನೊಂದರ ಪಕ್ಕೆಲುಬು ಬರಿಮೈ.
ಎಂಜಿನ್ನು ಯಾವುದೋ ಗುಜರಿ ಕಾರಿನದು,
ನಿಮಿಷಕ್ಕೆ ಐದು ಸಾವಿರದ ನೂರು ಸುತ್ತಿದರೇ ಅದಕ್ಕೆ ಜೀವ.
ಫ್ಯಾನಿಗೆ ಅಷ್ಟು ಆಗಿಬರದು.
ಎರಡು ಸಾವಿರದ ನೂರು ದಾಟಿದರೆ
ತಳ್ಳುವುದು ಬಿಟ್ಟು ಬರೇ ಚೀರುತ್ತದೆ.
ಇದರ ಅವಸರ, ಅದರ ನಿಧಾನ,
ನಡುವೆ ಯಾರಾದರೂ ಬೇಕಲ್ಲ, ಎಂದರು ಬಾಯಿ.

ಖಡ್ಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ
ಅಳತೆ ನೋಡಿ ನಿವೃತ್ತಿಯಾದವರು.
ಮಿಲಿಮೀಟರಿನ ನೂರನೇ ಪಾಲು ಹೆಚ್ಚಾದರೂ ಮಾಲು ವಾಪಸ್.

ಒಳಗಿನ ಬಳೆಗೆ ಏಳು ಜೋಡಿ ಅಯಸ್ಕಾಂತ,
ಹೊರಗಿನದಕ್ಕೆ ಹತ್ತು,
ನಡುವಿನ ಸಂದಿಯಲ್ಲಿ ಹದಿನೇಳು ಕಬ್ಬಿಣದ ತುಂಡು.
ಒಂದಕ್ಕೊಂದು ತಾಗುವಂತಿಲ್ಲ.
ಹೊರಗಿನದು ಕದಲದೆ ಕೂತಿರುತ್ತದೆ,
ಒಳಗಿನದು ಎಂಜಿನ್ನಿನ ಜೊತೆ ಓಡುತ್ತದೆ,
ಫ್ಯಾನು ತಿರುಗುವುದು ನಡುವಿನವುಗಳ ಜೊತೆ,
ಸ್ವಂತಕ್ಕೆ ಸೆಳೆತ ಎಂಬುದೇ ಇಲ್ಲದ
ಆ ಹದಿನೇಳರ ಜೊತೆ.
ಅದೇ ನನ್ನ ಪಾಲಿನ ಕೆಲಸ.

ಮೊದಲು ಗಟ್ಟಿ ತುಂಡು ಕೊಯ್ದು ಕೊಟ್ಟೆ.
ಹತ್ತು ನಿಮಿಷಕ್ಕೆ ಹಂಚಿನ ಹಾಗೆ ಕಾದವು,
ಮೇಲೆ ರೊಟ್ಟಿ ಸುಡಬಹುದಿತ್ತು.
ಗಟ್ಟಿ ಬೇಡ, ಪುಸ್ತಕದ ಹಾಗಿರಲಿ, ಎಂದರು.
ಹಾಳೆಯಷ್ಟು ತೆಳು ತಗಡು, ನಡುನಡುವೆ ವಾರ್ನಿಶ್ಶು,
ತುಂಡಿಗೆ ನೂರ ನಲವತ್ತು.
ನನ್ನ ಹೆಂಡತಿ ನೀಲಗಂಗಾ ಎಣಿಸಿ ಎಣಿಸಿ ಅಂಟಿಸಿದಳು.
ಒಂದಕ್ಕೆ ಹಾಳೆ ಹೆಚ್ಚು ಬಿದ್ದೈತಿ ಎಂದು
ನಡುರಾತ್ರಿ ಎದ್ದು ಕೂತಳು.
ಬಿದ್ದಿತ್ತು. ಬಾಯಿ ವಾಪಸ್ ಕಳಿಸಿದರು.

ಹಲ್ಲಿಲ್ಲ ಎಂದಿದ್ದರು, ಕಚ್ಚುವುದಿಲ್ಲ ಎಂದಿರಲಿಲ್ಲ.
ಗೇಣು ದೂರದಿಂದ ಹಾರಿ ಎರಡು ಅಯಸ್ಕಾಂತ
ನನ್ನ ಹೆಬ್ಬೆರಳ ಚರ್ಮ ಹಿಡಿದುಕೊಂಡವು.
ಬಿಡಿಸಲು ಮರದ ಬೆಣೆ ಬಡಿಯಬೇಕಾಯಿತು.

ಡಿಸೆಂಬರಿನ ಬೆಳಿಗ್ಗೆ, ಇಂದ್ರಾಯಣಿ ಕಡೆಯಿಂದ ಮಂಜು.
ಚೌಕಟ್ಟನ್ನು ಬೇವಿನ ಮರಕ್ಕೆ ಸರಪಳಿಯಲ್ಲಿ ಬಿಗಿದು
ಎಂಜಿನ್ನು ಹಚ್ಚಿದರು.
ಎಂಜಿನ್ನು ಗುಡುಗಿತು, ಗಾಳಿ ಎದ್ದಿತು, ಫಾರ್ಮಿನ ಕೋಳಿಯೆಲ್ಲ ಕೂಗಿದವು.
ಹಲ್ಲಿಗೆ ಹಲ್ಲು ತಾಗುವ ಕರಕರ ಮಾತ್ರ ಇಲ್ಲ.
ನನ್ನ ಕಿವಿ ಅದನ್ನೇ ಕಾಯುತ್ತಿತ್ತು.

ಆಗ ಎಲ್ಲಿಂದಲೋ ಒಂದು ಖಾಲಿ ಗೋಣಿ
ಎದ್ದು ಬಂದು ಫ್ಯಾನಿನ ಬುಡಕ್ಕೆ ಸುತ್ತಿಕೊಂಡಿತು.
ಕಣ್ಣು ಮುಚ್ಚಿದೆ. ಅರ್ಧ ಬೆರಳು
ತಾನಾಗಿ ಮುಷ್ಟಿಯೊಳಗೆ ಸರಿಯಿತು.
ಟಪ್, ಟಪ್, ಟಪ್,
ಏನೋ ಜಾರಿತು. ಅಷ್ಟೇ.
ಫ್ಯಾನು ನಿಂತಿದೆ, ಎಂಜಿನ್ನು ಒಂಟಿಯಾಗಿ ಅರಚುತ್ತಿದೆ,
ಬಾಯಿ ಓಡಿ ಆರಿಸಿದರು.
ಗೋಣಿ ಹರಿದು ಬಿಡಿಸಿ ಮತ್ತೆ ಹಚ್ಚಿದರೆ
ಜಗಳವೇ ಆಗಿಲ್ಲ ಎಂಬಂತೆ
ಬಳೆಗಳು ಹೆಜ್ಜೆ ಹಾಕಿದವು.
ತೊಂಬತ್ತಾರರ ಆ ಲೇತು
ಹೀಗೆ ಬಿಟ್ಟುಕೊಡುವ ಪೈಕಿಯದಲ್ಲ.

ಬಿಲ್ಲು ಬರೆದೆ. ತುಂಡು ಹದಿನೇಳು, ಕೂಲಿ ಇಷ್ಟು.
ಮರಾಠಿಯಲ್ಲಿ ಹೆಸರು ಬರೆವಾಗ ಕೈತಪ್ಪಿ
ಆಗಾಶೆ ಹೋಗಿ ಆಕಾಶೆ ಆಯಿತು.
ಬಾಯಿ ಕನ್ನಡಕ ಏರಿಸಿ ಎರಡು ಸಲ ಓದಿದರು,
ಮಡಿಸಿ ಪರ್ಸಿನಲ್ಲಿಟ್ಟುಕೊಂಡರು. ವಾಪಸ್ ಮಾಡಲಿಲ್ಲ.

ಆ ಇನ್ನೊಂದು ರೆಕ್ಕೆ ಈಗಲೂ ಬರಿಮೈ.
ಒಂದು ಹಾಳೆ ಹೆಚ್ಚಾದ ತುಂಡು
ನನ್ನ ಮೇಜಿನ ಮೇಲಿದೆ,
ಫ್ಯಾನು ಹಾಕಿದಾಗ
ಚಲನ್ನುಗಳು ಹಾರದ ಹಾಗೆ.