ಮೊದಲ ಟ್ರಿಪ್ಪಿಗೆ ಮುಂಚೆ

ರಾತ್ರಿ ನೆನೆಹಾಕಿದ ರಾಗಿ
ನಾಲ್ಕೂವರೆಗೆ ಮಿಕ್ಸಿಯಲ್ಲಿ ಗರ್ರೆಂದರೆ
ಪಕ್ಕದ ಸೆವ್ರಿನ್ ಬಾಯಿ ಗೋಡೆಯಾಚೆ ಕೆಮ್ಮುತ್ತಾರೆ.
ಲವೀಟಾಳ ಹಳೇ ಹತ್ತಿ ಶಾಲಿನಲ್ಲಿ ಸೋಸಿ ಹಿಂಡುತ್ತೇನೆ,
ಅವಳು ಕಂಕನಾಡಿಯಲ್ಲಿ
ಯಾರದೋ ಡ್ರಿಪ್ಪಿನ ಹನಿ ನೋಡುತ್ತಿರುವ ಹೊತ್ತು.

ಸಣ್ಣ ಉರಿ. ಮಣ್ಣಿಗೆ ಕೈ ಬಿಡಬಾರದು.
ಬಿಟ್ಟೆ, ಬ್ಯಾಗಿನ ಚಿಲ್ಲರೆ ಎಣಿಸಲು:
ಗಂಟು, ಒಂದೊಂದೂ ರೂಪಾಯಿ ನಾಣ್ಯದಷ್ಟು.
ಬೆರಳಲ್ಲೇ ಒಡೆದೆ. ಅವಳಿಗೆ ಹೇಳಬೇಡಿ.

ಚಮಚ ಹೊರಟಿತು:
ಜ್ಯೋತಿ, ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್...
ಮಗಳು ತುಟಿ ಬಿಗಿದು ಕೂತಿದ್ದಾಳೆ,
ಇಲ್ಲಿ ಸ್ಟಾಪೇ ಇಲ್ಲವೆಂಬಂತೆ.
ವಿಸಿಲ್ ಊದಿದೆ.
ನಕ್ಕಳು; ಬಾಗಿಲು ತೆರೆಯಿತು.
ರೈಟ್, ಪೋಯಿ!

ಮಗು ಸೆವ್ರಿನ್ ಬಾಯಿಯ ಸೊಂಟಕ್ಕೆ,
ನಾನು ಫುಟ್‌ಬೋರ್ಡಿಗೆ.
ಟಿಕೆಟು ತೆಗೆದುಕೊಳ್ಳುತ್ತ ಒಬ್ಬರು
ನನ್ನ ಖಾಕಿ ತೋಳನ್ನೇ ನೋಡಿದರು:
ಒಣಗಿದ ಮಣ್ಣಿ,
ಪುಟ್ಟ ಬೆರಳು ಐದು.