ಉತ್ತರದ ಗೋಡೆ

ಗ್ಯಾಲರಿಯ ನೆಲ ತುಸು ಓರೆ.
ಮೊದಲಿದು ಉಪ್ಪಿನ ಗೋದಾಮು; ಕಟ್ಟಿದವನು
ನೀರು ಹರಿದುಹೋಗಲಿ ಎಂದೇ ಓರೆ ಮಾಡಿದ್ದ.
ಹಾಗಾಗಿ ನಮ್ಮ ಪುರಸು ನೆಲವನ್ನು ನಂಬುವುದಿಲ್ಲ,
ರಸಮಟ್ಟದ ಗುಳ್ಳೆಯನ್ನೂ ನಂಬುವುದಿಲ್ಲ.
ಸ್ಟೂಲು ಹತ್ತಿ, ಒಂದು ಕಣ್ಣು ಮುಚ್ಚಿ,
ಕಿಟಕಿಯಾಚೆ ಕಡಲು ಮುಗಿಯುವ ಗೆರೆಗೆ
ಚೌಕಟ್ಟಿನ ಅಂಚು ಕೂಡಿಸುತ್ತಾನೆ.
'ಆಯ್ತು ಸರ್, ಈಗ ಸಮ.'

ವರ್ಷದ ಪ್ರದರ್ಶನ. ಪದ್ಧತಿಯಂತೆ
ಉತ್ತರದ ಗೋಡೆ ಅಧ್ಯಾಪಕರಿಗೆ,
ನಾಲ್ಕು ಹೊಸ ದೀಪಗಳೂ ಅಲ್ಲೇ.
ವಿದ್ಯಾರ್ಥಿಗಳಿಗೆ ಉಳಿದದ್ದು
ಮೆಟ್ಟಿಲ ಬದಿ, ಸ್ವಿಚ್‌ಬೋರ್ಡಿನ ಆಚೀಚೆ,
ನೀರಿನ ಫಿಲ್ಟರಿನ ಪಕ್ಕ.

ಹನ್ನೊಂದು ವರ್ಷದಿಂದ ಆ ಗೋಡೆಯ ನಟ್ಟನಡುವೆ
ನನ್ನದೊಂದು ಸಮುದ್ರ ಇರುತ್ತದೆ.
ಈ ಸಲದ್ದು ಐದಡಿ ಅಗಲ, ತೈಲವರ್ಣ:
ಅಲೆ, ಬಂಡೆ, ದೋಣಿಯಲ್ಲಿ ನಿಂತವನ ಕಪ್ಪು ಆಕೃತಿ,
ದೂರದಲ್ಲಿ ದೇವಗಡದ ದೀಪ.
ಮೊದಲ ದಿನವೇ ಕೆಂಪು ಚುಕ್ಕಿ ಬಿತ್ತು.
ಯಾವುದೋ ಹೋಟೆಲಿನವರು, ಫೋನಿನಲ್ಲೇ.

ಪ್ರಣಾಲಿ ದುರ್ಗೇಕರ, ಮೂರನೇ ವರ್ಷ, ಮುದ್ರಣಕಲೆ.
ಬೈತಖೋಲದಿಂದ ತಂದ ಒಂದೇ ಒಂದು ಬಂಗಡೆಗೆ
ಶಾಯಿ ಬಳಿದು, ತೆಳು ಕಾಗದ ಒತ್ತಿ,
ಮೂವತ್ತೊಂದು ಸಲ ಎತ್ತಿದ್ದಾಳೆ.
ಮೊದಲ ಹಾಳೆಯಲ್ಲಿ ರೆಕ್ಕೆಯ ಗೀರು ಗೀರು ಎಣಿಸಬಹುದು.
ಹದಿನೈದರ ಹೊತ್ತಿಗೆ ಹೊಟ್ಟೆ ಸಡಿಲ.
ಇಪ್ಪತ್ತೆಂಟರಲ್ಲಿ ಬೆನ್ನಮೂಳೆ.
ಕೊನೆಯದರಲ್ಲಿ ಒಂದು ಒದ್ದೆ ಕಲೆ, ಅದೂ ಮೀನೇ ಎಂದು
ಹಿಂದಿನ ಮೂವತ್ತು ಹಾಳೆ ಸಾಕ್ಷಿ ಹೇಳಬೇಕು.

ಚೆನ್ನಾಗಿದೆ, ಆದರೆ ವಾಸನೆ, ಎಂದೆ ನಾನು.
ಅಂಕಪಟ್ಟಿಯಲ್ಲಿ ಬರೆದೆ: 'ಸಂಯೋಜನೆ ಏಕತಾನ.'
ಕಾಲೇಜಿನ ಬೆಕ್ಕಿಗೆ ಬೇರೆ ಅಭಿಪ್ರಾಯವಿತ್ತು.
ಮೂರು ದಿನ ಫಿಲ್ಟರಿನ ಬುಡ ಬಿಟ್ಟು ಏಳಲಿಲ್ಲ.

ನಾಲ್ಕನೇ ದಿನ ಅವಳ ಅಜ್ಜಿ ಬಂದಳು,
ಮಾರ್ಕೆಟ್ಟು ಮುಗಿಸಿ, ಖಾಲಿ ಬುಟ್ಟಿ ಪುರಸುವಿನ ವಶಕ್ಕೆ ಕೊಟ್ಟು,
ಬೇಡವೆಂದರೂ ಚಪ್ಪಲಿ ಹೊರಗೆ ಬಿಟ್ಟು,
ಸೀದಾ ಮೊಮ್ಮಗಳ ಹಾಳೆಗಳ ಮುಂದೆ.
ಮೊದಲನೆಯದರ ಕಿವಿರಿನ ಬಳಿ ಬೆರಳು ಹಿಡಿದಳು,
ಮುಟ್ಟದೆ, ಮುಟ್ಟಿದಷ್ಟೇ ಹತ್ತಿರ.
'ಹೋ ಕಾಲ್ಚೊ,' ಅಂದಳು. ಇದು ನಿನ್ನೆಯದು.
ಪ್ರಣಾಲಿ ನಾಲಿಗೆ ಕಚ್ಚಿಕೊಂಡಳು.
ಕ್ಯಾಂಟೀನಿನ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟದ್ದು ನಿಜ.

ಇಪ್ಪತ್ತೈದು ವರ್ಷ ಕಲೆ ಕಲಿಸಿದ್ದೇನೆ.
ಒಂದು ಚಿತ್ರದ ವಯಸ್ಸನ್ನು ಇಷ್ಟು ಕರಾರುವಾಕ್ಕಾಗಿ
ಯಾವ ವಿಮರ್ಶಕನೂ ಹೇಳಿದ್ದು ಕೇಳಿಲ್ಲ.

ಆಮೇಲೆ ತಿರುಗಿದಳು, ನನ್ನ ಕಡೆ.
ನಾನು ಕೈ ಹಿಂದೆ ಕಟ್ಟಿ ನಿಂತಿದ್ದೆ,
ಉದ್ಘಾಟಕರ ಮುಂದೆ ನಿಲ್ಲುವ ಹಾಗೆ.
ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು
ಕೇಳಿದಳು, ಬೆಲೆ ಕೇಳುವ ದನಿಯಲ್ಲೇ:
'ಇದು ಯಾವ ತಿಂಗಳ ಸಮುದ್ರ?'

ಪುರಸು ಸ್ಟೂಲಿನ ಮೇಲಿಂದ ಕೆಮ್ಮಿದ.

'ನೀರು ಆಷಾಢದ್ದು ಕಾಣ್ತದೆ, ಕೆಂಪು.
ಆಕಾಶ ಮಾಘದ್ದು. ಎರಡಕ್ಕೂ ಗಂಟು ಹಾಕಿದ್ದು ಯಾರು?
ಈ ಅಲೆಗೆ ಅವ ಆ ದೋಣಿಯಲ್ಲಿ ಹ್ಯಾಗೆ ನಿಂತ?'
ಕುಹಕವಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.
ನಿಂತವನ ಬಗ್ಗೆ ಚಿಂತೆಯಿತ್ತು.

ನಾನದನ್ನು ಬರೆದದ್ದು ಫ್ಯಾನಿನ ಕೆಳಗೆ,
ಒಂದು ಕ್ಯಾಲೆಂಡರು, ಎರಡು ಹಳೆ ಫೋಟೋ ನೋಡಿ.
ಮನೆಯಲ್ಲಿ ಪಡುವಣ ಕಿಟಕಿ ಮುಚ್ಚಿಯೇ ಇಡುತ್ತೇನೆ,
ಉಪ್ಪುಗಾಳಿಗೆ ಕ್ಯಾನ್ವಾಸು ಕೆಡುತ್ತದೆಂದು.

ಪ್ರದರ್ಶನ ಮುಗಿದ ಸಂಜೆ ಪುರಸು
ಮೊಳೆ ಕಿತ್ತ ತೂತುಗಳಿಗೆ ಹಲ್ಲುಪೇಸ್ಟು ತುಂಬುತ್ತಿದ್ದ.
ಉತ್ತರದ ಗೋಡೆಯೆಲ್ಲ ಪುದೀನಾ ವಾಸನೆ.
ಹೋಟೆಲಿನ ಹುಡುಗರು ನನ್ನ ಸಮುದ್ರವನ್ನು
ಪಕ್ಕಕ್ಕೆ ತಿರುಗಿಸಿ ಟೆಂಪೋಕ್ಕೆ ಏರಿಸಿದರು.
ನೀರು ಚೆಲ್ಲಲಿಲ್ಲ. ನಿಂತವನೂ ಬೀಳಲಿಲ್ಲ.

ಕಿಟಕಿಯ ಬಳಿ ಹೋದೆ. ಕಡಲು ಅಲ್ಲೇ ಇತ್ತು, ಸಮ.
'ಪುರಸು, ಇದು ಯಾವ ತಿಂಗಳದ್ದು?'
ಅವನು ತಿರುಗಿ ನೋಡಲೂ ಇಲ್ಲ, ಮೂಗು ಮಾತ್ರ ಎತ್ತಿದ:
'ಫಾಲ್ಗುಣ, ಸರ್. ಶಿಗ್ಮೊಗೆ ಇನ್ನು ಆರು ದಿನ.
ಆ ಕಿಟಕಿ ಹಾಕ್ಬೇಡಿ, ಪೇಸ್ಟು ಒಣಗ್ಲಿ.'