ಬೇಕಿದ್ರ

ಭೋಸರಿಯ ಮೂರನೇ ಗಲ್ಲಿ, ಪೇಂಢಾರಕರ್ ಸಾಹೇಬರ ಅಂಗಡಿಯ ಮಾಳಿಗೆ.
ಕೆಳಗೆ ಕಂಪ್ರೆಸರ್ ಉಸಿರೆಳೆದಾಗೆಲ್ಲ
ನನ್ನ ಮೇಜಿನ ಮೇಲೆ ಸ್ಟೇಪ್ಲರ್ ಒಂದು ಬೆರಳು ಸರಿಯುತ್ತದೆ.
ನಾನು ಕೊಟೇಶನ್ ಬರೆಯುವವಳು.
ರೋಧ ಅಳೆಯುವ ಯಂತ್ರ, ಒಂದು. ಬೆಲೆ ಇಷ್ಟು.
ಅದರ ಕೆಳಗೆ ಗೆರೆ ಎಳೆದು ಒಂದೇ ಪದ: ಐಚ್ಛಿಕ.
ಇಂಡಿ ತಾಲ್ಲೂಕಿನ ನಾಲಿಗೆ ಅಲ್ಲಿ ತೊಡರುತ್ತದೆ.
ಮನಸ್ಸಿನಲ್ಲಿ ನಾನು ಓದಿಕೊಳ್ಳುವುದು 'ಬೇಕಿದ್ರ' ಅಂತ.

ಬೇಕಿದ್ರ ಹತ್ತು ಮೀಟರಿನ ತಂತಿ.
ಬೇಕಿದ್ರ ಹಲ್ಲಿನ ಕ್ಲಿಪ್ಪು, ತುಕ್ಕು ಸೀಳಿ ಕಚ್ಚುವಂಥದ್ದು.
ಬೇಕಿದ್ರ ಉಷ್ಣತೆಯ ಕಡ್ಡಿ.
ಬೇಕಿದ್ರ, ಸುರುಳಿಯೊಳಗಿನ ಕರೆಂಟು ಪೂರ್ತಿ ಇಳಿಯುವ ತನಕ
ಮುಟ್ಟಬ್ಯಾಡ, ಮುಟ್ಟಬ್ಯಾಡ ಎಂದು ಕೂಗುವ ಬಜರು.
ಹೆಗಲಿಗೆ ಹಾಕುವ ಪೆಟ್ಟಿಗೆ. ಅಂಗೈಯಗಲದ ಪ್ರಿಂಟರು.
ಒಂಬತ್ತನೇ ಸಾಲಿನಲ್ಲಿ:
ಸ್ಥಳದಲ್ಲೇ ತರಬೇತಿ, ಒಂದು ದಿನ, ಹೋಗಿಬರುವ ಖರ್ಚು ಬೇರೆ.
ಆ ಒಂಬತ್ತನೇ ಸಾಲು ನಾನು.

ಚಾಕಣದ ಖೈರನಾರ್ ಬಂದರು,
ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಮತ್ತೆ ತಾಮ್ರ ಸುತ್ತಿಸುವವರು.
ಚಹಾ ಕುಡಿಯುತ್ತಲೇ, ಕೆಂಪು ಪೆನ್ನಿನಿಂದ,
ಎರಡರಿಂದ ಒಂಬತ್ತರ ತನಕ ಸೌತೆಕಾಯಿ ಹೆಚ್ಚಿದಂತೆ ಹೆಚ್ಚಿದರು.
"ಫಕ್ತ ಮಶೀನ್. ಬಾಕಿ ನಮ್ಮ ಬಾಪೂ ನೋಡಿಕೊಳ್ತಾನೆ."

ಮೇ ತಿಂಗಳಲ್ಲಿ ಫೋನು.
"ನಿಮ್ಮ ಮಶೀನು ಸುಳ್ಳು ಹೇಳುತ್ತದೆ.
ಬೆಳಿಗ್ಗೆ ನಾಲ್ಕು ಪಾಯಿಂಟ್ ಒಂದು ಎರಡು,
ಮಧ್ಯಾಹ್ನ ನಾಲ್ಕು ಪಾಯಿಂಟ್ ಮೂರು.
ಅದೇ ಸುರುಳಿ. ಗಿರಾಕಿ ಸಹಿ ಹಾಕ್ತಿಲ್ಲ."
ಸುಳ್ಳಲ್ಲ ಸಾಹೇಬ್ರ, ಅಂದೆ, ತಾಮ್ರಕ್ಕೂ ಸೆಕೆಯಾಗುತ್ತದೆ.
ಆ ಕಡೆ ಮೌನ. ಈ ಕಡೆ ಪೇಂಢಾರಕರ್ ಕಣ್ಣಲ್ಲೇ ಅಂದರು:
ಹೋಗು, ಬಿಲ್ ಹಾಕಬೇಡ.

ಹೊಡೆದುಹಾಕಿದ ಸಾಲು ಬಸ್ಸು ಹತ್ತಿತು.
ಮೋಶಿ ದಾಟಿ, ಇಂದ್ರಾಯಣಿ ದಾಟಿ,
ಕಾರುಗಳನ್ನು ಹೊತ್ತ ಲಾರಿಗಳ ಹಿಂದೆ ಒಂದೂವರೆ ತಾಸು ನಿಂತುಕೊಂಡೇ.

ಶೆಡ್ಡಿನ ತುಂಬ ವಾರ್ನಿಶಿನ ವಾಸನೆ.
ಬಾಪೂ ಲಾಂಡಗೆ, ಅರವತ್ತರ ಹತ್ತಿರ, ಬಲ ಹೆಬ್ಬೆರಳಿಗೆ ಉಗುರಿಲ್ಲ.
ಯಂತ್ರ ಬಿಸ್ಕಿಟ್ ಡಬ್ಬದಲ್ಲಿ, ಅಡಿಗೆ ಹಳೆಯ ಸ್ವೆಟರಿನ ತೋಳು.
ಕ್ಲಿಪ್ಪಿನ ಹಲ್ಲು ಅರದಿಂದ ತಾವೇ ಮಸೆದದ್ದು.
ಗಿಡ್ಡ ತಂತಿಗೆ ತಂತಿ ಗಂಟಿಕ್ಕಿ,
ಗಂಟಿಗೊಂದು ಸೈಕಲ್ ಟ್ಯೂಬಿನ ಅಂಗಿ.
ಅಳತೆ ಮುಗಿದರೂ ಕ್ಲಿಪ್ಪು ಕೀಳಲಿಲ್ಲ,
ಕಣ್ಣು ಮುಚ್ಚಿ ಪಿಟಿಪಿಟಿ ಅಂದರು.
ಮಂತ್ರವಲ್ಲ. ಅರವತ್ತರ ತನಕ ಎಣಿಕೆ.
"ಒಮ್ಮೆ ನಲವತ್ತಕ್ಕೇ ಕಿತ್ತಿದ್ದೆ,"
ಹೆಬ್ಬೆರಳು ತೋರಿಸಿದರು.

"ಈ ಗಂಟೂ ಲೆಕ್ಕಕ್ಕೆ ಸೇರುತ್ತದೇನು?"
ಇಲ್ಲ. ನಾಲ್ಕು ತಂತಿ ಇರುವುದು ಅದಕ್ಕೇ.
ಎರಡು ಹೊರುತ್ತವೆ, ಎರಡು ಬರೀ ಕೇಳುತ್ತವೆ.
ಹೊರುವವನನ್ನೇ ಭಾರ ಎಷ್ಟೆಂದು ಕೇಳಿದರೆ
ದಣಿವನ್ನೂ ಕೂಡಿಸಿ ಹೇಳುತ್ತಾನೆ.
ಬಾಪೂ ನಕ್ಕರು. ಖೈರನಾರ್ ಗಡಿಯಾರ ನೋಡಿದರು.

ಆಮೇಲೆ ಬಾಪೂ ಸುರುಳಿಯ ಮೇಲೆ ಅಂಗೈ ಇಟ್ಟರು,
ಹಂಚು ಕಾದಿದೆಯೇ ಎಂದು ನೋಡುವ ಹಾಗೆ.
"ಅಡತೀಸ್." ಮೂವತ್ತೆಂಟು.
ನನ್ನ ಚೀಲದಲ್ಲಿ ರೊಟ್ಟಿಯ ಬುತ್ತಿಗೆ ಒರಗಿ ಡೆಮೊ ಕಡ್ಡಿ ಇತ್ತು.
ತಾಗಿಸಿದೆ. ಮೂವತ್ತೆಂಟು ಪಾಯಿಂಟ್ ನಾಲ್ಕು.
ಆ ಪಾಯಿಂಟ್ ನಾಲ್ಕಕ್ಕೆ
ನಮ್ಮಲ್ಲಿ ಆರು ಸಾವಿರದ ಎಂಟುನೂರು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿದೆವು.
ಇನ್ನೂರ ಮೂವತ್ತನಾಲ್ಕೂವರೆ, ಅದು ತಾಮ್ರದ ಗೋತ್ರ;
ಮಧ್ಯಾಹ್ನವನ್ನು ಕೂಡಿಸಿ, ಭಾಗಿಸಿ,
ಇಪ್ಪತ್ತೇಳರ ಬೆಳಗಿಗೆ ಇಳಿಸಿದರೆ
ನಾಲ್ಕು ಪಾಯಿಂಟ್ ಒಂದು ಎರಡು, ಮತ್ತೆ.

ವರದಿಯಲ್ಲೊಂದು ಖಾನೆ: ಉಷ್ಣತೆ ಅಳೆದ ಸಾಧನ.
ಬರೆದೆ: ಬಾ. ಲಾಂಡಗೆ, ಬಲ ಅಂಗೈ.
ಕೆಂಪು ಪೆನ್ನು ಬಂತು, ಅದನ್ನು ಹೊಡೆಯಿತು.
ಖೈರನಾರ್ ಕಡ್ಡಿಯ ಬೆಲೆ ಕೇಳಿದರು,
ಆರು ಸಾವಿರದ ಇನ್ನೂರಕ್ಕೆ ಇಳಿಸಿದರು.
ಒಂಬತ್ತನೇ ಸಾಲಿನ ಮಾತೇ ಎತ್ತಲಿಲ್ಲ.
ಬಾಪೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿತು.
ಬುತ್ತಿ ಬಿಚ್ಚಿದರೆ
ರೊಟ್ಟಿಗೂ ವಾರ್ನಿಶಿನ ವಾಸನೆ.